ಮಗಳ ಡೆಂಟಲ್ ಫೀಸು ಸರ್ಕಾರವೇ ಕಟ್ಟುತ್ತದಂತೆ, ಸಹಿ ಹಾಕಬಹುದಾ?

ಪ್ರಶ್ನೆ: ನಾವು ಹಾಸನದವರು, ಈಗ ಇರುವುದು ಡಲ್ಲಾಸ್ ಹತ್ತಿರ. ಮಗಳು ಇಲ್ಲೇ ಹುಟ್ಟಿ ಬೆಳೆದವಳು. ಅವಳಿಗೆ ಒಂದು ಖಾಸಗಿ ಡೆಂಟಲ್ ಸ್ಕೂಲಿನಲ್ಲಿ ಸೀಟು ಸಿಕ್ಕಿದೆ. ನಾಲ್ಕು ವರ್ಷಕ್ಕೆ ಎಲ್ಲಾ ಸೇರಿ 4 ಲಕ್ಷ ಡಾಲರ್ ದಾಟುತ್ತದೆ. ನ್ಯಾಷನಲ್ ಹೆಲ್ತ್ ಸರ್ವಿಸ್ ಕೋರ್ ಅನ್ನುವ ಸ್ಕಾಲರ್‌ಶಿಪ್ ತೆಗೆದುಕೊಂಡರೆ ಪೂರ್ತಿ ಫೀಸು ಸರ್ಕಾರವೇ ಕೊಡುತ್ತದೆ, ಆಮೇಲೆ ಡಾಕ್ಟರ್ ಇಲ್ಲದ ಊರಿಗೆ ಹೋಗಿ ಕೆಲಸ ಮಾಡಬೇಕು ಅಂತ ಗೆಳೆಯರೊಬ್ಬರು ಹೇಳಿದರು. ನನ್ನ ಮನೆಯವರಿಗೆ ಭಯ: ಒಂಟಿ ಹುಡುಗಿಯನ್ನು ಎಲ್ಲಿಗೆ ಕಳಿಸುತ್ತಾರೋ ಏನೋ. ಇದು ನಮ್ಮ ಕಡೆಯ ಬಾಂಡ್ ತರಹವೇ? ಬೇಡ ಅನ್ನಿಸಿದರೆ ದುಡ್ಡು ಕಟ್ಟಿ ಬಿಡಿಸಿಕೊಳ್ಳಬಹುದಾ? ಮುಂದೆ ಆರ್ಥೋಡಾಂಟಿಕ್ಸ್, ಅಂದರೆ ಕ್ಲಿಪ್ ಹಾಕಿ ಹಲ್ಲು ಸರಿಮಾಡುವ ಕೋರ್ಸ್, ಮಾಡುವ ಆಸೆಯೂ ಅವಳಿಗಿದೆ. ಇನ್ನೊಂದು ವಿಷಯ: ನನ್ನ ತಮ್ಮನ ಮಗ ಊರಲ್ಲಿ ಬಿಡಿಎಸ್ ಕೊನೆಯ ವರ್ಷದಲ್ಲಿದ್ದಾನೆ. ಅವನಿಗೂ ಇಲ್ಲಿ ಇಂಥದ್ದೇನಾದರೂ ಸಿಗುತ್ತದಾ?

ಉತ್ತರ: ಸರ್, ಮೊದಲು ಮಗಳಿಗೆ ನನ್ನ ಅಭಿನಂದನೆ ತಿಳಿಸಿ. ಆಮೇಲೆ ಈ ಉತ್ತರವನ್ನು ಅವಳ ಕೈಗೇ ಕೊಟ್ಟುಬಿಡಿ. ನಿಮ್ಮ ಪತ್ರದಲ್ಲಿ ನಿಮ್ಮ ಲೆಕ್ಕ ಇದೆ, ಮನೆಯವರ ಭಯ ಇದೆ, ತಮ್ಮನ ಮಗನ ಚಿಂತೆಯೂ ಇದೆ. ಮಗಳಿಗೆ ಏನನ್ನಿಸಿದೆ ಅನ್ನೋದು ಮಾತ್ರ ಇಲ್ಲ. ಅವಳದ್ದು ಅಂತ ಇರೋದು ಒಂದೇ ವಾಕ್ಯ, ಆರ್ಥೋ ಮಾಡುವ ಆಸೆ. ಉತ್ತರ ಅರ್ಧ ಅದರಲ್ಲೇ ಇದೆ.

ನಾನು ದಾವಣಗೆರೆಯಲ್ಲಿ ಬಿಡಿಎಸ್ ಮುಗಿಸಿ, ಇಲ್ಲಿಗೆ ಬಂದು ಮತ್ತೆ ಡೆಂಟಲ್ ಸ್ಕೂಲಿಗೆ ಸೇರಿ ಓದಿದವರ ಪೈಕಿ. ಈಗ ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯ ಒಂದು ಸಮುದಾಯ ಆರೋಗ್ಯ ಕೇಂದ್ರದಲ್ಲಿ ಡೆಂಟಲ್ ವಿಭಾಗ ನೋಡಿಕೊಳ್ಳುತ್ತೇನೆ. ಸುತ್ತ ಬಾದಾಮಿ ತೋಟ, ದ್ರಾಕ್ಷಿ ತೋಟ. ಈ ಸ್ಕಾಲರ್‌ಶಿಪ್ ತೆಗೆದುಕೊಂಡು ಓದಿದ ಹುಡುಗ ಹುಡುಗಿಯರು ನಮ್ಮಲ್ಲಿ ಬಂದು ಕೆಲಸ ಮಾಡಿದ್ದಾರೆ. ಚೆನ್ನಾಗಿ ಬೇರೂರಿದವರನ್ನೂ ನೋಡಿದ್ದೇನೆ, ಗೋಡೆಯ ಕ್ಯಾಲೆಂಡರಿನಲ್ಲಿ ದಿನ ಎಣಿಸಿದವರನ್ನೂ ನೋಡಿದ್ದೇನೆ.

ಮೊದಲು ಇದು ಏನು ಅಂತ ನೋಡೋಣ. 1970ರಲ್ಲಿ ಅಮೆರಿಕದ ಕಾಂಗ್ರೆಸ್ ಒಂದು ಕಾನೂನು ಮಾಡಿತು. ಡಾಕ್ಟರುಗಳು ಹೋಗದ ಊರುಗಳಿಗೆ ಸರ್ಕಾರವೇ ಡಾಕ್ಟರು, ಡೆಂಟಿಸ್ಟುಗಳನ್ನು ಕಳಿಸಬೇಕು ಅಂತ. ಅದರಿಂದ ಹುಟ್ಟಿದ್ದೇ ಈ ನ್ಯಾಷನಲ್ ಹೆಲ್ತ್ ಸರ್ವಿಸ್ ಕೋರ್, ನಾವು ಎನ್‌ಎಚ್‌ಎಸ್‌ಸಿ ಅನ್ನುತ್ತೇವೆ. ಸುಮ್ನೆ ಕರೆದರೆ ಯಾರೂ ಬರುವುದಿಲ್ಲ ಅಂತ ಗೊತ್ತಾದ ಮೇಲೆ, ಓದುವಾಗಲೇ ಫೀಸು ಕಟ್ಟಿ, ಬದಲಿಗೆ ಸೇವೆ ಬರೆಸಿಕೊಳ್ಳುವ ಸ್ಕಾಲರ್‌ಶಿಪ್ ಶುರು ಮಾಡಿದರು. ಆಯ್ಕೆಯಾದರೆ ಕಾಲೇಜಿನ ಫೀಸು ನೇರವಾಗಿ ಅವರೇ ಕಟ್ಟುತ್ತಾರೆ. ಪುಸ್ತಕ, ಉಪಕರಣಕ್ಕೆ ಒಂದಿಷ್ಟು ಕೊಡುತ್ತಾರೆ. ತಿಂಗಳಿಗೊಮ್ಮೆ ಕೈಖರ್ಚಿಗೆ ಸ್ಟೈಪೆಂಡ್ ಬರುತ್ತದೆ. ಫೀಸಿನ ಹಣಕ್ಕೆ ತೆರಿಗೆ ಇಲ್ಲ, ಸ್ಟೈಪೆಂಡಿಗೆ ಇದೆ.

ಬದಲಿಗೆ ಕೇಳುವುದು ಇಷ್ಟು. ಹಣ ತೆಗೆದುಕೊಂಡ ಒಂದೊಂದು ವರ್ಷಕ್ಕೂ ಒಂದೊಂದು ವರ್ಷ ಸೇವೆ. ಆದರೆ ಕನಿಷ್ಠ ಎರಡು ವರ್ಷ ಮಾಡಲೇಬೇಕು. ಅಂದರೆ ಒಂದೇ ವರ್ಷ ಹಣ ತೆಗೆದುಕೊಂಡರೂ ಎರಡು ವರ್ಷ, ಎರಡು ವರ್ಷ ತೆಗೆದುಕೊಂಡರೂ ಎರಡೇ. ನಾಲ್ಕಕ್ಕೆ ನಾಲ್ಕು. ಒಂದು ವರ್ಷಕ್ಕೆ ಮಾತ್ರ ತೆಗೆದುಕೊಳ್ಳುವುದು ನಷ್ಟದ ವ್ಯಾಪಾರ ಅಂತ ಇಲ್ಲೇ ಗೊತ್ತಾಗುತ್ತದೆ. ಮೊದಲ ವರ್ಷವೇ ಅರ್ಜಿ ಹಾಕಬೇಕು ಅಂತೇನಿಲ್ಲ. ಎರಡನೇ ವರ್ಷದಲ್ಲೋ ಮೂರನೇ ವರ್ಷದಲ್ಲೋ ಹಾಕಬಹುದು.

ಈಗ ನಿಮ್ಮ ಬಾಂಡಿನ ಪ್ರಶ್ನೆ. ನಮ್ಮವರಿಗೆಲ್ಲ ಮೊದಲು ಹೊಳೆಯುವುದು ಇದೇ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಕಡೆ ಮುಚ್ಚಳಿಕೆ ಬರೆದುಕೊಡುವುದು ಅಂದರೆ ಬಿಡಿಸಿಕೊಳ್ಳುವ ದಾರಿ ಇದ್ದೇ ಇರುತ್ತದೆ ಅಂತಲೇ ಅರ್ಥ, ಅಲ್ವಾ? ಎಂಬಿಬಿಎಸ್ ಮುಗಿಸಿದವರು ಗ್ರಾಮೀಣ ಸೇವೆಗೆ ಹೋಗಬೇಕು, ಇಲ್ಲದಿದ್ದರೆ ಇಷ್ಟು ಲಕ್ಷ ದಂಡ ಅಂದಾಗ, ಅಪ್ಪ ಆ ಲಕ್ಷಗಳನ್ನು ಹೊಂದಿಸಿ ಕಟ್ಟಿ ಮಗನನ್ನು ಪಿಜಿಗೆ ಕಳಿಸಿದ ಕಥೆ ಪ್ರತಿ ಊರಲ್ಲೂ ಒಂದಿದೆ. ಅದು ದಂಡ ಅಲ್ಲ, ಫೀಸಿನ ಇನ್ನೊಂದು ಕಂತು ಅಷ್ಟೇ.

ಇಲ್ಲಿ ಹಾಗಿಲ್ಲ. ಓದು ಮುಗಿಸಿ ಸೇವೆಗೆ ಹೋಗದಿದ್ದರೆ ಕೊಟ್ಟ ಹಣದ ಮೂರು ಪಟ್ಟು, ಅದರ ಮೇಲೆ ಬಡ್ಡಿ. ಕಟ್ಟಲು ಒಂದೇ ವರ್ಷ ಗಡುವು. ನಿಮ್ಮ ಮಗಳ ಹೆಸರಿನಲ್ಲಿ ಸರ್ಕಾರ 4 ಲಕ್ಷ ಡಾಲರ್ ಖರ್ಚು ಮಾಡಿತು ಅಂದುಕೊಳ್ಳಿ. ಒಂದು ದಿನವೂ ಕೆಲಸ ಮಾಡದೆ ಬಿಟ್ಟರೆ ಬಡ್ಡಿ ಬಿಟ್ಟು 12 ಲಕ್ಷ. ನಾಲ್ಕು ವರ್ಷದಲ್ಲಿ ಎರಡು ವರ್ಷ ಮಾಡಿ ಬಿಟ್ಟರೆ, ಉಳಿದರ್ಧಕ್ಕೆ 6 ಲಕ್ಷ. ಗಮನಿಸಿ, ಅರ್ಧ ಸೇವೆ ಮಾಡಿದ ಮೇಲೂ ಪಡೆದದ್ದಕ್ಕಿಂತ ಜಾಸ್ತಿ ಕಟ್ಟಬೇಕು. ದಿವಾಳಿ ಅಂತ ಕೋರ್ಟಿಗೆ ಹೋದರೂ ಸುಲಭಕ್ಕೆ ಬಿಡುವ ಸಾಲ ಅಲ್ಲ ಇದು. ಓದುವಾಗಲೇ ಕೋರ್ಸ್ ಬಿಟ್ಟರೆ ಮಾತ್ರ ಈ ಮೂರು ಪಟ್ಟು ಇಲ್ಲ, ಪಡೆದದ್ದನ್ನು ವಾಪಸು ಕೊಡಬೇಕು. ಆರೋಗ್ಯ ಕೆಟ್ಟರೆ, ಹೆರಿಗೆ ಆದರೆ ಸೇವೆಯನ್ನು ಸ್ವಲ್ಪ ಕಾಲ ನಿಲ್ಲಿಸಿಕೊಳ್ಳಲು ಅವಕಾಶ ಇದೆ. ಆದರೆ ನಿಲ್ಲಿಸಿದಷ್ಟು ದಿನ ಮುಂದಕ್ಕೆ ಹೋಗುತ್ತದೆ, ಕಡಿಮೆ ಆಗುವುದಿಲ್ಲ.

ಹೀಗೇಕೆ ಇಷ್ಟು ಕಟು ಅಂದರೆ, ಅವರಿಗೆ ದುಡ್ಡು ವಾಪಸು ಬೇಡ. ಡೆಂಟಿಸ್ಟ್ ಬೇಕು. ಬಿಡಿಸಿಕೊಳ್ಳುವುದು ಸುಲಭ ಆದರೆ ದುಡ್ಡಿದ್ದವರೆಲ್ಲ ಬಿಡಿಸಿಕೊಳ್ಳುತ್ತಾರೆ ಅಂತ ಅವರಿಗೆ ಚೆನ್ನಾಗಿ ಗೊತ್ತು.

ಆರ್ಥೋ ವಿಷಯ ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಆಗುವುದಿಲ್ಲ. ಈ ಸ್ಕಾಲರ್‌ಶಿಪ್ ಇರುವುದು ಸಾಮಾನ್ಯ ಡೆಂಟಿಸ್ಟುಗಳಿಗೆ ಮತ್ತು ಮಕ್ಕಳ ಡೆಂಟಿಸ್ಟುಗಳಿಗೆ. ಓದು ಮುಗಿದ ಮೇಲೆ ಜನರಲ್ ಪ್ರಾಕ್ಟೀಸ್ ರೆಸಿಡೆನ್ಸಿ (ಡಿಗ್ರಿಯ ಮೇಲಿನ ತರಬೇತಿ) ಮಾಡಬಹುದು, ಮಕ್ಕಳ ಹಲ್ಲಿನ ರೆಸಿಡೆನ್ಸಿ ಮಾಡಬಹುದು, ಅವರ ಒಪ್ಪಿಗೆ ಪಡೆದು. ಕ್ಲಿಪ್ ಹಾಕುವ ಕೋರ್ಸಿಗೆ, ಓರಲ್ ಸರ್ಜರಿಗೆ ಅವರು ಕಾಯುವುದಿಲ್ಲ. ಸೇವೆ ಮುಗಿಸಿ ಆಮೇಲೆ ಆರ್ಥೋಗೆ ಹೋಗಲು ಯಾರೂ ತಡೆಯುವುದಿಲ್ಲ, ನಿಜ. ಆದರೆ ಓದು ಮುಗಿಸಿ ನಾಲ್ಕು ವರ್ಷ ಸಂಬಳ ಎಣಿಸಿದ ಮೇಲೆ ಮತ್ತೆ ಎರಡು ಮೂರು ವರ್ಷ ವಿದ್ಯಾರ್ಥಿಯಾಗಿ ಕೂರುವುದು ಎಷ್ಟು ಜನರಿಂದ ಆದೀತು? ನಿಮ್ಮ ಮಗಳ ಮನಸ್ಸು ನಿಜಕ್ಕೂ ಆರ್ಥೋದ ಮೇಲಿದ್ದರೆ ಈ ಅರ್ಜಿ ಹಾಕಲೇಬೇಡಿ. ಬರೀ ಎಲ್ಲರೂ ಹೇಳುತ್ತಾರೆ ಅಂತ ಹೇಳಿದ ಆಸೆಯಾದರೆ, ಅದು ಬೇರೆ ಮಾತು. ಮೊದಲ ವರ್ಷ ಎಲ್ಲರೂ ಆರ್ಥೋ ಅನ್ನುತ್ತಾರೆ. ನಾನೂ ಅಂದಿದ್ದೆ.

ನಿಮ್ಮ ಮನೆಯವರ ಭಯಕ್ಕೆ ಬರುತ್ತೇನೆ. ಎಲ್ಲಿಗೆ ಕಳಿಸುತ್ತಾರೆ? ಯಾರೂ ಎಲ್ಲಿಗೂ ಎತ್ತಿ ಒಗೆಯುವುದಿಲ್ಲ. ದೇಶದಲ್ಲಿ ಡೆಂಟಿಸ್ಟ್ ಕೊರತೆ ಇರುವ ಪ್ರದೇಶಗಳನ್ನು ಗುರುತಿಸಿ ಒಂದೊಂದಕ್ಕೂ ಅಂಕ ಕೊಟ್ಟಿರುತ್ತಾರೆ, 0ಯಿಂದ 26ರವರೆಗೆ. ನಾವು ಅದನ್ನು ಹಿಪ್ಸಾ ಸ್ಕೋರ್ ಅನ್ನುತ್ತೇವೆ. ಸಾಮಾನ್ಯವಾಗಿ 5,000 ಜನಕ್ಕೆ ಒಬ್ಬ ಡೆಂಟಿಸ್ಟೂ ಇಲ್ಲದಿದ್ದರೆ ಅದು ಕೊರತೆಯ ಜಾಗ. ಬಡತನ ಜಾಸ್ತಿ ಇರುವಂಥ ಕಡೆ 4,000ಕ್ಕೇ ಆ ಲೆಕ್ಕ ಹಿಡಿಯುತ್ತಾರೆ. ಇಂಥ ಜಾಗಗಳಲ್ಲಿ ಇವತ್ತು 5 ಕೋಟಿಗೂ ಹೆಚ್ಚು ಜನ ಇದ್ದಾರೆ. ಅಂಕ ಜಾಸ್ತಿ ಅಂದರೆ ಕಷ್ಟ ಜಾಸ್ತಿ. ಸ್ಕಾಲರ್‌ಶಿಪ್‌ನವರು ಇಷ್ಟು ಅಂಕಕ್ಕಿಂತ ಮೇಲಿರುವ, ಎನ್‌ಎಚ್‌ಎಸ್‌ಸಿ ಒಪ್ಪಿರುವ ಕ್ಲಿನಿಕ್ಕುಗಳಲ್ಲೇ ಕೆಲಸ ಹುಡುಕಿಕೊಳ್ಳಬೇಕು ಅಂತ ಗೆರೆ ಎಳೆದಿರುತ್ತಾರೆ. ಆ ಪಟ್ಟಿಯಿಂದ ಅವಳೇ ಕ್ಲಿನಿಕ್ಕುಗಳಿಗೆ ಅರ್ಜಿ ಹಾಕಬೇಕು, ಇಂಟರ್‌ವ್ಯೂ ಕೊಡಬೇಕು. ಸಂಬಳ ಕೊಡುವುದು ಆ ಕ್ಲಿನಿಕ್ಕೇ. ಆ ಊರಲ್ಲಿ ಬೇರೆ ಡೆಂಟಿಸ್ಟಿಗೆ ಕೊಡುವಂಥದ್ದೇ ಸಂಬಳ, ಇನ್ಶೂರೆನ್ಸ್, ರಜೆ. ಬಿಟ್ಟಿ ಚಾಕರಿ ಅಲ್ಲ.

ತೊಡಕು ಇರುವುದು ಬೇರೆ ಕಡೆ. ಆ ಗೆರೆ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಇವತ್ತು ಸಹಿ ಹಾಕುವವಳಿಗೆ ನಾಲ್ಕು ವರ್ಷದ ಮೇಲೆ ಯಾವ ಊರು ಪಟ್ಟಿಯಲ್ಲಿರುತ್ತದೆ ಅಂತ ಗೊತ್ತಿರುವುದಿಲ್ಲ. ಡಲ್ಲಾಸ್ ಹತ್ತಿರ ಸಿಕ್ಕರೂ ಸಿಗಬಹುದು, ಸಿಗದಿದ್ದರೆ ಬೇರೆ ರಾಜ್ಯ, ಬೇರೆ ಲೈಸೆನ್ಸ್. ಅಷ್ಟರಲ್ಲಿ ಮದುವೆ ಆಗಿದ್ದರೆ ಗಂಡನ ಕೆಲಸ ಎಲ್ಲಿ ಅನ್ನುವ ಪ್ರಶ್ನೆ ಬರುತ್ತದೆ. ಅದಕ್ಕೆ ಸರ್ಕಾರ ತಲೆ ಕೆಡಿಸಿಕೊಳ್ಳುವುದಿಲ್ಲ.

ಆದರೆ ಡಾಕ್ಟರ್ ಇಲ್ಲದ ಊರು ಅಂದ ಕೂಡಲೇ ಕಾಡು ಮೇಡು ಅಂದುಕೊಳ್ಳಬೇಡಿ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲೂ, ಶಿಕಾಗೋದ ದಕ್ಷಿಣ ಭಾಗದಲ್ಲೂ, ಲಾಸ್ ಏಂಜಲಿಸ್‌ನ ಒಳಗೂ ಇಂಥ ಜಾಗಗಳಿವೆ. ಜೈಲುಗಳೂ ಇವೆ, ಬುಡಕಟ್ಟು ಜನರ ಆಸ್ಪತ್ರೆಗಳೂ ಇವೆ. ಡೆಂಟಿಸ್ಟುಗಳು ದೂರಕ್ಕೆ ಮಾತ್ರ ಹೆದರುವುದಲ್ಲ, ದುಡ್ಡು ಹುಟ್ಟದ ಜಾಗಕ್ಕೂ ಹೆದರುತ್ತಾರೆ. ಓದು ಮುಗಿಸುವಾಗ ಸಾಲ ಇರುವವರಿಗೆ ಸರಾಸರಿ 3 ಲಕ್ಷ ಡಾಲರಿನಷ್ಟು ಸಾಲ ಇರುತ್ತದೆ. ಅಷ್ಟು ಹೊತ್ತವರು ಕೈಯಿಂದ ಕೊಡುವ, ಒಳ್ಳೇ ಇನ್ಶೂರೆನ್ಸ್ ಇರುವ ಜನ ಇರುವ ಬಡಾವಣೆಗೇ ಹೋಗುತ್ತಾರೆ. ಜಯನಗರದ ಒಂದೇ ರಸ್ತೆಯಲ್ಲಿ ನಾಲ್ಕು ಡೆಂಟಲ್ ಕ್ಲಿನಿಕ್ ಬೋರ್ಡು ಕಾಣುವುದಕ್ಕೂ ಇದಕ್ಕೂ ಏನೂ ವ್ಯತ್ಯಾಸ ಇಲ್ಲ. ಮೆಡಿಕೇಡ್, ಅಂದರೆ ಬಡವರಿಗಿರುವ ಸರ್ಕಾರಿ ಇನ್ಶೂರೆನ್ಸ್, ಮಕ್ಕಳ ಹಲ್ಲಿಗೆ ಕೊಡಲೇಬೇಕು, ದೊಡ್ಡವರ ಹಲ್ಲಿಗೆ ಕೊಡುವುದು ಬಿಡುವುದು ರಾಜ್ಯದ ಇಷ್ಟ. ವಯಸ್ಸಾದವರಿಗಿರುವ ಸರ್ಕಾರಿ ಇನ್ಶೂರೆನ್ಸ್, ಮೂಲ ಮೆಡಿಕೇರ್, ಸಾಮಾನ್ಯ ಹಲ್ಲಿನ ಚಿಕಿತ್ಸೆಗೆ ಕೊಡುವುದೇ ಇಲ್ಲ. ಕೊಡುವ ಕಡೆಯೂ ದರ ಕಡಿಮೆ ಅಂತ ಎಷ್ಟೋ ಡೆಂಟಿಸ್ಟುಗಳು ಮೆಡಿಕೇಡ್ ರೋಗಿಗಳನ್ನು ತೆಗೆದುಕೊಳ್ಳುವುದಿಲ್ಲ.

ಇದರ ಬೆಲೆ ಏನು ಅಂತ 2007ರಲ್ಲಿ ಇಡೀ ದೇಶ ನೋಡಿತು. ಮೇರಿಲ್ಯಾಂಡಿನ 12 ವರ್ಷದ ಹುಡುಗನೊಬ್ಬನ ಹುಳುಕು ಹಲ್ಲಿನ ಕೀವು ಮಿದುಳಿಗೆ ಏರಿತು. ಎರಡು ಸಲ ಮಿದುಳಿನ ಆಪರೇಷನ್ ಆಯಿತು, ಹುಡುಗ ಉಳಿಯಲಿಲ್ಲ. ಆ ಹಲ್ಲು ಕೀಳಲು ಹೆಚ್ಚೆಂದರೆ 80 ಡಾಲರ್ ಆಗುತ್ತಿತ್ತು ಅಂತ ಪತ್ರಿಕೆಗಳು ಬರೆದವು. ಇದು ನಡೆದದ್ದು ರಾಜಧಾನಿ ವಾಷಿಂಗ್ಟನ್‌ನ ಪಕ್ಕದಲ್ಲೇ.

ಕೆಲಸ ಹೇಗಿರುತ್ತದೆ ಅಂತ ಮಗಳಿಗೆ ಗೊತ್ತಿರಲಿ. ಹಲ್ಲಿನ ಡಾಕ್ಟರಾಗಿ ಏನು ಮಾಡುತ್ತೇನೆ ಅನ್ನುವ ಕಲ್ಪನೆ ಕಾಲೇಜಿನಲ್ಲಿ ಒಂದು ಥರ, ಇಲ್ಲಿ ಒಂದು ಥರ. ಹೋದ ವರ್ಷ ನಮ್ಮಲ್ಲಿಗೆ ಬಂದ ಹೊಸ ಡಾಕ್ಟರ್, ಸ್ಕಾಲರ್‌ಶಿಪ್ ಹುಡುಗಿ, ಮೊದಲ ಸೋಮವಾರವೇ ನನ್ನ ಹತ್ತಿರ ಕಣ್ಣು ಕೆಂಪು ಮಾಡಿಕೊಂಡು ಬಂದಳು. ಸೋಮವಾರ ಬೆಳಿಗ್ಗೆ ನಮ್ಮಲ್ಲಿ ಅಪಾಯಿಂಟ್‌ಮೆಂಟ್ ಇಲ್ಲದವರ ಸಾಲು. ಶನಿವಾರ ರಾತ್ರಿಯಿಂದ ನೋವು ತಿಂದವರು ಏಳು ಗಂಟೆಗೇ ಬಾಗಿಲಲ್ಲಿರುತ್ತಾರೆ. ಅವಳ ಕುರ್ಚಿಯಲ್ಲಿ ಕೂತಿದ್ದವರು ದ್ರಾಕ್ಷಿ ಕೊಯ್ಯುವ ಕೆಲಸದವರು, ನಲವತ್ತರ ಆಸುಪಾಸು. ಕೆನ್ನೆ ಊದಿತ್ತು. ಕೆಳಗಿನ ದವಡೆ ಹಲ್ಲು. ಉಳಿಸಬಹುದಾದ ಹಲ್ಲು. ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಿದರೆ ಇಪ್ಪತ್ತು ವರ್ಷ ಬರುತ್ತಿತ್ತು. ಆಕೆ ಎಕ್ಸ್‌ರೇ ತೋರಿಸಿ, ಬರೋದು ಮೂರೇ ಸಲ ಅಂತ ವಿವರಿಸಿದಳು. ಅವರು ಬೆರಳು ಮಡಚಿ ಲೆಕ್ಕ ಹಾಕಿದರು. ಒಂದು ಸಲ ಬಂದರೆ ಒಂದು ದಿನದ ಕೂಲಿ ಹೋಯಿತು. ಸೀಸನ್ ಇರುವುದೇ ಕೆಲವು ವಾರ. ಮೇಸ್ತ್ರಿ ಎರಡನೇ ಸಲ ರಜೆ ಕೇಳಿದರೆ ಬೇರೆಯವರನ್ನು ಕರೆಯುತ್ತಾನೆ. "ತೆಗೆದುಬಿಡಿ ಡಾಕ್ಟರ್" ಅಂದರು, ಸ್ಪ್ಯಾನಿಷಿನಲ್ಲಿ.

ಅವಳು ಹಲ್ಲು ಕಿತ್ತಳು. ಚೆನ್ನಾಗಿಯೇ ಕಿತ್ತಳು. ಆಮೇಲೆ ನನ್ನ ಕೋಣೆಗೆ ಬಂದು, "ನಾನು ಕಲಿತದ್ದು ಇದಕ್ಕಲ್ಲ" ಅಂದಳು. ನಾನು ಸಮಾಧಾನದ ಮಾತು ಹೇಳಲಿಲ್ಲ. ಕಾಫಿ ಕೊಟ್ಟೆ. ಹೊರಗೆ ಇನ್ನೂ ಹನ್ನೊಂದು ಜನ ಕೂತಿದ್ದರು.

ಅದೇ ಹುಡುಗಿ ಮೂರು ತಿಂಗಳ ಮೇಲೆ ಒಂದು ಕೆಲಸ ಮಾಡಿದಳು. ಮೂರು ವರ್ಷದ ಮಗು, ಮುಂದಿನ ನಾಲ್ಕೂ ಹಾಲು ಹಲ್ಲು ಹುಳುಕು. ರಾತ್ರಿ ಬಾಟಲಿ ಬಾಯಲ್ಲಿಟ್ಟು ಮಲಗಿಸುವ ಮನೆಗಳಲ್ಲಿ ಇದು ಮಾಮೂಲು. ಮಕ್ಕಳ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಟ್ಟು ಮಾಡಿಸಬೇಕಾದರೆ ತಿಂಗಳುಗಟ್ಟಲೆ ಕಾಯಬೇಕು. ಅವಳು ಸಿಲ್ವರ್ ಡೈಅಮೀನ್ ಫ್ಲೋರೈಡ್ ಅನ್ನುವ ಔಷಧಿ ಹಚ್ಚಿದಳು. ಒಂದು ಹನಿ, ಒಂದು ನಿಮಿಷ, ಡ್ರಿಲ್ ಇಲ್ಲ, ಅಳು ಇಲ್ಲ. ಹುಳುಕು ಅಲ್ಲಿಗೆ ನಿಲ್ಲುವ ಸಾಧ್ಯತೆ ಜಾಸ್ತಿ, ಆದರೆ ಆ ಜಾಗ ಕಪ್ಪಾಗುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಗಲಾಟೆ ಖಂಡಿತ. ಅವಳು ಹಚ್ಚುವ ಮೊದಲು ಕಪ್ಪಾದ ಹಲ್ಲಿನ ಫೋಟೋವನ್ನು ತಾಯಿಗೆ ತೋರಿಸಿ, ತಾಯಿ ಅಜ್ಜಿಗೆ ಫೋನ್ ಮಾಡಿ ಕೇಳಿ ಮುಗಿಸುವವರೆಗೂ ಕಾದಳು. ಅಷ್ಟು ಸ್ಪ್ಯಾನಿಷ್ ಅಷ್ಟರಲ್ಲಿ ಕಲಿತಿದ್ದಳು. ಇಲ್ಲಿಗೆ ಬೇಕಾದ ಡೆಂಟಿಸ್ಟ್ ಆದಳು ಅಂತ ನನಗೆ ಅನ್ನಿಸಿದ್ದು ಅವತ್ತು.

ಹೊತ್ತಿನ ಲೆಕ್ಕವೂ ಕಟ್ಟುನಿಟ್ಟು. ವಾರಕ್ಕೆ 40 ಗಂಟೆ, ಅದರಲ್ಲಿ 32 ಗಂಟೆ ರೋಗಿಗಳನ್ನು ನೋಡುವುದಕ್ಕೇ. ವರ್ಷಕ್ಕೆ ಕನಿಷ್ಠ 45 ವಾರ. ಉಳಿದ 7 ವಾರದಲ್ಲೇ ರಜೆ, ಹಬ್ಬ, ಕಾಯಿಲೆ, ಊರಿಗೆ ಹೋಗಿಬರುವುದು ಎಲ್ಲ. ಅದಕ್ಕಿಂತ ಜಾಸ್ತಿ ಆದರೆ ಸೇವೆ ಮುಗಿಯುವ ದಿನ ಮುಂದಕ್ಕೆ ಹೋಗುತ್ತದೆ. ಕ್ಲಿನಿಕ್ ಜೊತೆ ಜಗಳ ಆಗಿ ಸಿಟ್ಟಿನಲ್ಲಿ ರಾಜೀನಾಮೆ ಬಿಸಾಕಿದ ಒಬ್ಬ ಹುಡುಗ ನನಗೆ ಗೊತ್ತು. ತಪ್ಪು ಕ್ಲಿನಿಕ್ಕಿನದೇ ಇತ್ತು ಅಂತ ನಾನೂ ಒಪ್ಪುತ್ತೇನೆ. ಆದರೆ ಎನ್‌ಎಚ್‌ಎಸ್‌ಸಿ ಒಪ್ಪಿಗೆ ಇಲ್ಲದೆ ಜಾಗ ಬಿಟ್ಟರೆ ಅದೇ ಕರಾರು ಮುರಿದ ಹಾಗೆ ಆಗಬಹುದು ಅಂತ ಅವನಿಗೆ ಹೊಳೆಯಲಿಲ್ಲ. ಆಮೇಲೆ ಒಂದು ವಾರ ನಿದ್ದೆ ಇಲ್ಲದೆ ಫೋನ್ ಹಿಡಿದು ಕೂತಿದ್ದ. ಕೊನೆಗೆ ಬೇರೆ ಕ್ಲಿನಿಕ್ಕಿಗೆ ವರ್ಗ ಸಿಕ್ಕಿತು. ಜಗಳ ಮಾಡಬಹುದು ಸರ್, ಆದರೆ ಮೊದಲು ಪತ್ರ ಬರೆದು ಒಪ್ಪಿಗೆ ತೆಗೆದುಕೊಂಡು.

ಈಗ ನನ್ನ ಅಭಿಪ್ರಾಯ. ನನಗೆ ಈ ಯೋಜನೆ ಇಷ್ಟ, ನಮ್ಮ ಕ್ಲಿನಿಕ್ ನಡೆಯುವುದೇ ಇಂಥವರಿಂದ. ಆದರೂ ಹೇಳುತ್ತೇನೆ, ಇದು 22 ವರ್ಷದ ಹುಡುಗಿ ತನ್ನ 26ನೇ ವಯಸ್ಸನ್ನು ಮೊದಲೇ ಮಾರುವ ವ್ಯಾಪಾರ. ಇದಿಲ್ಲದಿದ್ದರೂ ನಾನು ಇಂಥ ಕಡೆಯೇ ಕೆಲಸ ಮಾಡುತ್ತಿದ್ದೆ ಅನ್ನುವವಳಿಗೆ ಇದಕ್ಕಿಂತ ಒಳ್ಳೆಯದು ಈ ದೇಶದಲ್ಲಿ ಇಲ್ಲ. ಫೀಸು ಉಳಿಯುತ್ತದಲ್ಲ, ನಾಲ್ಕು ವರ್ಷ ಹೇಗೋ ಕಳೆದುಬಿಡುತ್ತೇನೆ ಅನ್ನುವವಳು ಹಾಕಬಾರದು. ಹಾಗೆ ಬಂದವರನ್ನು ರೋಗಿಗಳು ಎರಡು ನಿಮಿಷದಲ್ಲಿ ಗುರುತು ಹಿಡಿಯುತ್ತಾರೆ.

ನಡುವೆ ನಿಂತವರಿಗೆ ಬೇರೆ ದಾರಿಗಳಿವೆ, ನಿಮ್ಮ ಗೆಳೆಯರು ಬಹುಶಃ ಅದನ್ನು ಹೇಳಿಲ್ಲ. ಒಂದು, ಡೆಂಟಲ್ ಸ್ಕೂಲಿನ ಕೊನೆಯ ವರ್ಷದಲ್ಲಿ ಅರ್ಜಿ ಹಾಕುವುದು. ಅದಕ್ಕೆ ಸ್ಟೂಡೆಂಟ್ಸ್ ಟು ಸರ್ವಿಸ್ ಅಂತ ಹೆಸರು. ಮೂರು ವರ್ಷ ಸೇವೆಗೆ 1,20,000 ಡಾಲರ್‌ವರೆಗೆ ಸಾಲ ತೀರಿಸಲು ಕೊಡುತ್ತಾರೆ. ಇನ್ನೊಂದು, ಓದು ಮುಗಿಸಿ ಇಂಥ ಕ್ಲಿನಿಕ್ಕಿಗೆ ಸೇರಿದ ಮೇಲೆ ಸಾಲ ತೀರಿಸುವ ಯೋಜನೆಗೆ ಹಾಕುವುದು. ಡೆಂಟಿಸ್ಟಿಗೆ ಮೊದಲ ಎರಡು ವರ್ಷಕ್ಕೆ 50,000 ಡಾಲರ್‌ವರೆಗೆ, ಆಮೇಲೆ ಸಾಲ ಉಳಿದಿದ್ದರೆ ವರ್ಷ ವರ್ಷ ಮುಂದುವರಿಸಬಹುದು. ಆ ಹಣಕ್ಕೆ ತೆರಿಗೆ ಇಲ್ಲ. ಸಿಗುವ ಮೊತ್ತ ಸ್ಕಾಲರ್‌ಶಿಪ್‌ಗಿಂತ ಕಡಿಮೆ, ನಿಜ. ಆದರೆ ಆಗ ಅವಳಿಗೆ ತನ್ನ ಕೈ ಯಾವ ಕೆಲಸಕ್ಕೆ ಬಗ್ಗುತ್ತದೆ ಅಂತ ಗೊತ್ತಿರುತ್ತದೆ, ಕ್ಲಿನಿಕ್ ನೋಡಿರುತ್ತಾಳೆ, ಯಾರ ಜೊತೆ ಬದುಕು ಅನ್ನುವುದೂ ಸುಮಾರಿಗೆ ತೀರ್ಮಾನ ಆಗಿರುತ್ತದೆ. ರಾಜ್ಯಗಳೂ ತಮ್ಮದೇ ಯೋಜನೆ ಮಾಡುತ್ತವೆ. ಕ್ಯಾಲಿಫೋರ್ನಿಯಾ ತಂಬಾಕು ತೆರಿಗೆಯ ದುಡ್ಡಿನಿಂದ, ಬಡ ರೋಗಿಗಳನ್ನು ಐದು ವರ್ಷ ನೋಡುವ ಡೆಂಟಿಸ್ಟುಗಳಿಗೆ 3 ಲಕ್ಷ ಡಾಲರ್‌ವರೆಗೆ ಸಾಲ ತೀರಿಸಿಕೊಡುವ ಯೋಜನೆ ತಂದಿತ್ತು. ಇಂಥವು ಬಜೆಟ್ ನೋಡಿಕೊಂಡು ಬರುತ್ತವೆ, ಹೋಗುತ್ತವೆ. ಟೆಕ್ಸಸ್‌ನಲ್ಲಿ ಏನಿದೆ ಅಂತ ಅವಳ ಕಾಲೇಜಿನ ಹಣಕಾಸು ನೆರವಿನ ಆಫೀಸಿನಲ್ಲಿ ಕೇಳಲಿ. ಸೈನ್ಯದ ಸ್ಕಾಲರ್‌ಶಿಪ್ ಕೂಡ ಇದೆ, ಅದು ಬೇರೆಯೇ ಬದುಕು.

ಅಂದ ಹಾಗೆ ಇಂಡಿಯನ್ ಹೆಲ್ತ್ ಸರ್ವಿಸ್ ಸ್ಕಾಲರ್‌ಶಿಪ್ ಅಂತ ಹೆಸರು ನೋಡಿ ನಮ್ಮವರೊಬ್ಬರು ಖುಷಿಯಿಂದ ನನಗೆ ಫೋನ್ ಮಾಡಿದ್ದರು, ನಮಗೇ ಇಟ್ಟಿದ್ದಾರೆ ಅಂತ. ಅದು ಅಮೆರಿಕದ ಮೂಲನಿವಾಸಿ ಬುಡಕಟ್ಟುಗಳ ಮಕ್ಕಳಿಗೆ. ನಗಬೇಡಿ, ನಾನೂ ಬಂದ ಹೊಸದರಲ್ಲಿ ಹಾಗೇ ಅಂದುಕೊಂಡಿದ್ದೆ.

ಸಾಲದ ಬಗ್ಗೆ ನಿಮಗೆ ಎರಡು ಎಚ್ಚರಿಕೆ, ಇದು ಅಪ್ಪನಿಗೇ. 2025ರ ಜುಲೈನಲ್ಲಿ ಬಂದ ಹೊಸ ಕಾನೂನಿನ ಪ್ರಕಾರ, 2026ರ ಜುಲೈ 1ರಿಂದ ಹೊಸದಾಗಿ ಸಾಲ ತೆಗೆಯುವ ಡೆಂಟಲ್ ವಿದ್ಯಾರ್ಥಿಗೆ ಕೇಂದ್ರ ಸರ್ಕಾರದ ಸಾಲ ವರ್ಷಕ್ಕೆ 50,000, ಒಟ್ಟು 2 ಲಕ್ಷ ಡಾಲರ್ ಮಾತ್ರ. ಮೊದಲು ಗ್ರಾಡ್ ಪ್ಲಸ್ ಅಂತ ಒಂದಿತ್ತು, ಬೇಕಾದಷ್ಟು ಸಿಗುತ್ತಿತ್ತು. ಅದು ಹೊಸಬರಿಗೆ ಇಲ್ಲ. ನಿಮ್ಮ 4 ಲಕ್ಷದಲ್ಲಿ ಅರ್ಧಕ್ಕೆ ಬ್ಯಾಂಕಿನ ಖಾಸಗಿ ಸಾಲವೇ ಗತಿ ಆಗಬಹುದು. ಹತ್ತು ವರ್ಷ ಸಾರ್ವಜನಿಕ ಸೇವೆ ಮಾಡಿದವರಿಗೆ ಉಳಿದ ಸಾಲ ಮನ್ನಾ ಮಾಡುವ ಯೋಜನೆ ಇದೆಯಲ್ಲ, ಅದು ಕೇಂದ್ರದ ಸಾಲಕ್ಕೆ ಮಾತ್ರ, ಖಾಸಗಿಗೆ ಇಲ್ಲ. ಎನ್‌ಎಚ್‌ಎಸ್‌ಸಿಯ ಸಾಲ ತೀರಿಸುವ ಯೋಜನೆ ಖಾಸಗಿ ಬ್ಯಾಂಕಿನ ಓದಿನ ಸಾಲವನ್ನೂ ಒಪ್ಪುತ್ತದೆ. ಇನ್ನು ಮುಂದೆ ಈ ವ್ಯತ್ಯಾಸಕ್ಕೆ ಬೆಲೆ ಜಾಸ್ತಿ.

ಎರಡನೆಯದು ನಮ್ಮವರು ಪ್ರೀತಿಯಿಂದ ಮಾಡುವ ತಪ್ಪು. ಬಡ್ಡಿ ಕಡಿಮೆ ಅಂತ ಅಪ್ಪ ಮನೆ ಮೇಲೆ ಸಾಲ ಎತ್ತಿ ಮಗಳ ಫೀಸು ಕಟ್ಟುವುದು. ಮಗಳು ಮುಂದೆ ಎಂಥ ಹಳ್ಳಿಯಲ್ಲಿ ಕೆಲಸ ಮಾಡಿದರೂ ಆ ಸಾಲ ಎನ್‌ಎಚ್‌ಎಸ್‌ಸಿಯವರ ಲೆಕ್ಕಕ್ಕೆ ಬರುವುದಿಲ್ಲ. ಓದಿನ ಸಾಲ ಆಗಿರಬೇಕು, ಅವಳ ಹೆಸರಲ್ಲೇ ಇರಬೇಕು. ಅಪ್ಪ ಅಮ್ಮನ ಹೆಸರಿನ ಪೇರೆಂಟ್ ಪ್ಲಸ್ ಸಾಲಕ್ಕೂ, ಮನೆ ಸಾಲಕ್ಕೂ, ಕ್ರೆಡಿಟ್ ಕಾರ್ಡಿಗೂ ಬಿಡಿಗಾಸು ಕೊಡುವುದಿಲ್ಲ.

ಅರ್ಜಿ ಹಾಕುವುದೇ ಆದರೆ, ಸಿಕ್ಕೇ ಸಿಗುತ್ತದೆ ಅಂತ ಲೆಕ್ಕ ಹಾಕಬೇಡಿ. ಹಾಕಿದವರಲ್ಲಿ ಸಿಗುವುದು ಸ್ವಲ್ಪ ಜನಕ್ಕೆ. ಬಡ ಹಿನ್ನೆಲೆಯಿಂದ ಬಂದ ಮಕ್ಕಳಿಗೆ ಆದ್ಯತೆ ಇದೆ, ಇರಬೇಕಾದ್ದೇ. ಅವಳ ಪ್ರಬಂಧದಲ್ಲಿ ದಯವಿಟ್ಟು ಹಾಸನದ ಅಜ್ಜನ ಹಳ್ಳಿಯನ್ನು ತರಬೇಡಿ. ನಮ್ಮ ಮಕ್ಕಳ ಅರ್ಜಿಗಳಲ್ಲಿ ಎರಡು ಸಲ ನೋಡಿದ ಊರಿನ ಬಗ್ಗೆ ಎರಡು ಪುಟ ಇರುತ್ತದೆ. ಓದುವವರು ನೋಡುವುದು, ಈ ಹುಡುಗಿ ತನ್ನ ಮನೆಯಿಂದ ಹತ್ತು ಮೈಲಿ ದೂರದ ಬಡವರ ಕ್ಲಿನಿಕ್ಕಿಗೆ ಯಾವತ್ತಾದರೂ ಹೋಗಿದ್ದಾಳಾ, ಹೋಗಿ ಎಷ್ಟು ದಿನ ಇದ್ದಳು ಅನ್ನುವುದನ್ನು. ಹೋಗದಿದ್ದರೆ ಹೋಗಿ ಬರೆಯಲಿ.

ತಮ್ಮನ ಮಗನ ವಿಷಯದಲ್ಲಿ ನಿರಾಸೆಯ ಉತ್ತರವೇ. ಅರ್ಜಿ ಹಾಕುವವರು ಅಮೆರಿಕದ ಪ್ರಜೆಯೇ ಆಗಿರಬೇಕು, ಇಲ್ಲಿನ ಮಾನ್ಯತೆ ಇರುವ ಡೆಂಟಲ್ ಸ್ಕೂಲಿನಲ್ಲಿ ಓದುತ್ತಿರಬೇಕು. ಗ್ರೀನ್ ಕಾರ್ಡ್ ಸಾಲದು. ಸಾಲ ತೀರಿಸುವ ಯೋಜನೆಗೂ ಅದೇ ನಿಯಮ. ನಾನು ಗ್ರೀನ್ ಕಾರ್ಡಿನಲ್ಲಿದ್ದ ವರ್ಷಗಳಲ್ಲಿ ಪಕ್ಕದ ಕುರ್ಚಿಯ ಡಾಕ್ಟರ್ ಸಾಲ ಸರ್ಕಾರ ತೀರಿಸಿತು, ನನ್ನದನ್ನು ನಾನೇ ತೀರಿಸಿದೆ. ಇಬ್ಬರೂ ಅದೇ ಸೋಮವಾರದ ಸಾಲನ್ನು ನೋಡುತ್ತಿದ್ದೆವು. ಹೊರಗಿನಿಂದ ಬಂದ ಎಂಬಿಬಿಎಸ್ ಡಾಕ್ಟರುಗಳಿಗೆ ಕೊರತೆ ಇರುವ ಊರಲ್ಲಿ ಮೂರು ವರ್ಷ ಕೆಲಸ ಮಾಡಿದರೆ ವೀಸಾ ನಿಯಮದಲ್ಲಿ ಒಂದು ವಿನಾಯಿತಿ ಸಿಗುತ್ತದೆ, ಕಾನ್ರಾಡ್ 30 ಅಂತ. ಅದರಲ್ಲೂ ಡೆಂಟಿಸ್ಟುಗಳಿಲ್ಲ. ಅವನು ಬರುವುದಾದರೆ ಇಲ್ಲಿ ಎರಡು ಮೂರು ವರ್ಷ ಮತ್ತೆ ಓದಬೇಕು, ತನ್ನ ಖರ್ಚಿನಲ್ಲಿ. ಊರಲ್ಲೇ ಒಂದೆರಡು ವರ್ಷ ಕೈ ಪಳಗಿಸಿಕೊಂಡು, ಆಮೇಲೆ ಯೋಚಿಸಲಿ ಅಂತ ನನ್ನ ಸಲಹೆ.

ಮಗಳಿಗೆ ಒಂದು ಕೆಲಸ ಹೇಳಿ. ಸ್ಕಾಲರ್‌ಶಿಪ್ ಅರ್ಜಿ ಸಾಮಾನ್ಯವಾಗಿ ವಸಂತದಲ್ಲಿ ತೆರೆಯುತ್ತದೆ, ಫಲಿತಾಂಶ ಸೆಪ್ಟೆಂಬರ್ ಕೊನೆಯೊಳಗೆ ಬರುತ್ತದೆ. ಈ ವರ್ಷದ ಗಡುವು ಕಳೆದುಹೋಗಿದ್ದರೂ ಚಿಂತೆ ಇಲ್ಲ. ಒಂದು ವರ್ಷ ಓದಿ, ಮುಂದಿನ ಸಲ ಹಾಕಿದರೆ ಮೂರು ವರ್ಷಕ್ಕೆ ಮೂರು ವರ್ಷ ಸೇವೆ, ಅಷ್ಟರಲ್ಲಿ ಆರ್ಥೋದ ಆಸೆ ಗಟ್ಟಿಯೋ ಜೊಳ್ಳೋ ಅಂತಲೂ ಗೊತ್ತಾಗಿರುತ್ತದೆ. ಅಷ್ಟರೊಳಗೆ ಡಲ್ಲಾಸಿನ ಯಾವುದಾದರೂ ಸಮುದಾಯ ಆರೋಗ್ಯ ಕೇಂದ್ರಕ್ಕೆ ಬರೆದು ಕೇಳಲಿ, ಡೆಂಟಲ್ ವಿಭಾಗದಲ್ಲಿ ಒಂದು ವಾರ ಮೂಲೆಯಲ್ಲಿ ನಿಂತು ನೋಡುತ್ತೇನೆ ಅಂತ. ಹೆಚ್ಚಿನವರು ಬೇಡ ಅನ್ನುವುದಿಲ್ಲ. ಸೋಮವಾರದಿಂದ ಶುರು ಮಾಡಲಿ, ಶುಕ್ರವಾರದಿಂದ ಬೇಡ. ಶುಕ್ರವಾರ ಎಲ್ಲ ಕ್ಲಿನಿಕ್ಕುಗಳೂ ಚೆನ್ನಾಗಿಯೇ ಕಾಣುತ್ತವೆ.